ಎರಡು ಒಡಿಕತ್ತಿಗಳು

ಕಳೆದ ಸೆಪ್ಟೆಂಬರ್ 3ರಂದು ಚೆಂಬೂರಿನ ಕೊಡವ ಮಿತ್ರರೊಬ್ಬರ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ನಾವು ಸೇರಿದ್ದೆವು. ನಾಟಿಯ ಕೆಲಸ ಮುಗಿದ ಮೇಲೆ ಆಯುಧಗಳನ್ನು ಹೊರತೆಗೆದು ಪೂಜಿಸುವ ಹಬ್ಬವದು. ದೀಪದ ಮುಂದೆ ಎರಡು ಒಡಿಕತ್ತಿಗಳಿದ್ದವು. ಒಂದು ಮಿತ್ರರ ಮುತ್ತಜ್ಜನ ಕಾಲದ್ದು, ಕಪ್ಪಗೆ, ತೂಕವಾಗಿ, ಅಂಚಿನಲ್ಲಿ ಅಲ್ಲಲ್ಲಿ ಮುಕ್ಕಾಗಿತ್ತು. ಇನ್ನೊಂದನ್ನು ಮಗನ ಮದುವೆಗೆಂದು ಮಡಿಕೇರಿಯಲ್ಲಿ ಕೊಂಡು ತಂದಿದ್ದರು, ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಹಳೆಯದನ್ನೂ ಯಂತ್ರಕ್ಕೆ ಕೊಟ್ಟು ಉಜ್ಜಿಸಿ, ಹೊಸದರ ಜೋಡಿಯಾಗಿಸಿ ಗೋಡೆಗೆ ಏರಿಸಬೇಕೆಂಬುದು ಮನೆಯ ಕಿರಿಯರ ಆಸೆ. ಆ ಮಾತು ನಮ್ಮನ್ನು ಈ ಬರಹಕ್ಕೆ ಹಚ್ಚಿತು.

ಕೊಡವರ ಕತ್ತಿಗಳಲ್ಲಿ ಎರಡು ಮುಖ್ಯವಾದವು. ಸೊಂಟಕ್ಕೆ ಸುತ್ತಿದ ಕೆಂಪು ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ, ಬೆಳ್ಳಿಯ ಕೆಲಸದ ಒರೆಯುಳ್ಳ ಚಿಕ್ಕ ಕತ್ತಿಯೇ ಪೀಚೆಕತ್ತಿ. ಒಡಿಕತ್ತಿ ಅದಕ್ಕಿಂತ ದೊಡ್ಡದು, ಅಗಲವಾದದ್ದು, ಮುಂದಕ್ಕೆ ಬಾಗಿದ್ದು. ಅದಕ್ಕೆ ಒರೆಯಿಲ್ಲ. ಬೆನ್ನ ಹಿಂದೆ ಸೊಂಟಪಟ್ಟಿಗೆ ಕಟ್ಟಿದ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಬರಿಯ ಅಲಗು ನಿಲ್ಲುತ್ತದೆ. ಕಾಡಿನ ಹಾದಿಯಲ್ಲಿ ಎರಡೂ ಕೈ ಬಿಡುವಾಗಿರಬೇಕು, ಬೇಕೆನಿಸಿದ ಗಳಿಗೆಯಲ್ಲಿ ಕತ್ತಿ ಕೈಗೆ ಬರಬೇಕು. ಈ ಎರಡು ಅಗತ್ಯಗಳಿಗೂ ತೊಡಂಗ್ ಒದಗುತ್ತದೆ.

ಹಳೆಯ ಕತ್ತಿಯನ್ನು ಕೈಗೆತ್ತಿಕೊಂಡಾಗ ಮೊದಲು ತಿಳಿಯುವುದು ಭಾರವಿರುವ ಜಾಗ. ಅದು ಹಿಡಿಯಲ್ಲಿಲ್ಲ, ಅಲಗಿನ ಮುಂತುದಿಯಲ್ಲಿದೆ. ಬೀಸಿದ ಕೈಗೆ ಕತ್ತಿಯ ತೂಕವೇ ಬಲವಾಗುತ್ತದೆ. ಹರಿತವಿರುವುದು ಕುಡುಗೋಲಿನಂತೆ ಬಾಗಿನ ಒಳಮೈಯಲ್ಲಿ. ಆದ್ದರಿಂದ ಬಿದಿರಾಗಲಿ ಬಳ್ಳಿಯಾಗಲಿ ಜಾರಿಹೋಗದೆ ಬಾಗಿನೊಳಗೆ ಸಿಕ್ಕಿಬೀಳುತ್ತದೆ. ಹಿಡಿಯ ತುದಿ ಅಗಲವಾಗಿರುವುದರಿಂದ ಮಳೆಯಲ್ಲಿ ನೆನೆದ ಕೈಯಿಂದಲೂ ಅದು ಜಾರದು. ಹೊಸದರ ಆಕಾರ ಇದೇ, ಆದರೆ ತುಕ್ಕು ಹಿಡಿಯದ ಉಕ್ಕಿನ ಅದರ ಅಲಗು ತೆಳುವಾಗಿ, ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪವಾಗಿದೆ. ಅಂಚಿಗೆ ಹರಿತ ಕೊಟ್ಟಿಲ್ಲ. ಮಿತ್ರರ ಮಗನ ಮದುವೆಯಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಇದನ್ನೇ ಹಿಡಿದರಂತೆ. ಒಂದೇಟಿಗೆ ತುಂಡಾಗಬೇಕಾದ ದಿಂಡು ಮೂರನೆಯ ಏಟಿಗೆ ಬಿತ್ತಂತೆ.

ಈ ವ್ಯತ್ಯಾಸಕ್ಕೆ ಕಮ್ಮಾರನ ಕೈ ಕುಗ್ಗಿದ್ದೇ ಕಾರಣವೆಂದು ನಮಗನಿಸುವುದಿಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. ಅಲ್ಲಿಗೆ ಒಡಿಕತ್ತಿಯ ಯುದ್ಧದ ಕೆಲಸ ಬಹುಮಟ್ಟಿಗೆ ಮುಗಿಯಿತು. 1857ರ ದಂಗೆಯ ಬಳಿಕ ದೇಶದಲ್ಲಿ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನುಗಳು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ನೀಡಿದ. ಆಯುಧ ಉಳಿಯಿತು, ಅದರ ಅರ್ಥ ಬದಲಾಯಿತು. ಅಲ್ಲಿಯವರೆಗೆ ಕತ್ತಿ ಕೆಲಸದ ವಸ್ತು, ಅಲ್ಲಿಂದ ಮುಂದೆ ಅದು ಹಕ್ಕಿನ ಗುರುತು. ಕೊಡವರ ಬಂದೂಕು ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿದಾಗ ಕೇಳಿಬಂದ ವಾದವಿವಾದವೂ ಈ ಗುರುತಿನ ಸುತ್ತಲೇ ಇತ್ತು. ಗುರುತಿಗೆ ಬೇಕಾದುದು ಆಕಾರ. ಹರಿತ ಇಲ್ಲದಿದ್ದರೂ ನಡೆಯುತ್ತದೆ.

ಹಾಗಾದರೆ ಹರಿತ ಎಲ್ಲಿಗೆ ಹೋಯಿತು? ಕಾಫಿತೋಟಕ್ಕೆ ಹೋಯಿತೆಂಬುದು ನಮ್ಮ ಉತ್ತರ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಕೊಡಗಿನ ಬೆಟ್ಟಗಳಲ್ಲಿ ಕಾಫಿ ಹಬ್ಬಿತು. ಮರದ ನೆರಳು ತೆಗೆಯುವುದಕ್ಕೆ, ಕಾಡು ಸವರುವುದಕ್ಕೆ ಕೂಲಿಕಾರರು ದಿನವೂ ಹಿಡಿಯುವ ಕತ್ತಿಗೆ ಬೆಳ್ಳಿಯಿಲ್ಲ, ಪೂಜೆಯ ದಿನ ಬಿಟ್ಟರೆ ಹೂವೂ ಇಲ್ಲ. ಆದರೆ ಮುಂತುದಿಯ ಭಾರ, ಬಾಗಿನ ಒಳಗಿನ ಅಂಚು, ಸಾಣೆಯ ಗೆರೆಗಳು ಎಲ್ಲವೂ ಅದರಲ್ಲಿವೆ. ಮುತ್ತಜ್ಜನ ಒಡಿಕತ್ತಿ ಎರಡು ಮನೆಗಳಿಗೆ ಪಾಲಾಗಿದೆ: ರೂಪ ಮದುಮಗನಿಗೆ ಬಂತು, ಹರಿತ ಕೂಲಿಯವನಿಗೆ ಸಂದಿತು.

ಕಾನೂನಿನ ಕಣ್ಣಿಗೂ ಈ ಪಾಲು ಕಾಣುತ್ತದೆ. 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿಯನ್ನು ಆಯುಧವೆಂದು ಎಣಿಸುವ ನಿಯಮ, ಮನೆಬಳಕೆಗೆ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಡುತ್ತದೆ. ತೋಟದ ಕತ್ತಿಯನ್ನು ಅದು ಮಾಡುವ ಕೆಲಸವೇ ಕಾಯುತ್ತದೆ. ಗೋಡೆಗೆ ಏರುವ ಕತ್ತಿಗೆ ಆ ರಕ್ಷೆಯಿಲ್ಲ.

ಹೊಸದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಚೆಂಬೂರಿನ ಮಳೆಗಾಲದ ಉಪ್ಪುಗಾಳಿಯಲ್ಲಿ ಹಳೆಯ ಕಬ್ಬಿಣ ವಾರಕ್ಕೊಮ್ಮೆ ಎಣ್ಣೆ ಬೇಡುತ್ತದೆ, ಹೊಸದು ಏನನ್ನೂ ಬೇಡುವುದಿಲ್ಲ. ಹತ್ತನೆಯ ಮಹಡಿಯ ಮನೆಯಲ್ಲಿ ಮಕ್ಕಳ ನಡುವೆ ಹರಿತವಿಲ್ಲದ ಕತ್ತಿಯೇ ಮೇಲು. ಊರಿನಿಂದ ದೂರವಿರುವವರಿಗೆ ಆಕಾರವನ್ನಾದರೂ ಉಳಿಸಿಕೊಡುವ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡುತ್ತದೆ.

ಆದರೆ ಹಳೆಯದನ್ನು ಉಜ್ಜಿಸಬೇಡಿರೆಂದು ನಾವು ಮಿತ್ರರನ್ನು ಬೇಡಿಕೊಂಡೆವು. ಆ ಮುಕ್ಕುಗಳು ಯಾವುದೋ ಮರದ ಗಂಟಿಗೋ ಕಲ್ಲಿಗೋ ತಾಗಿ ಆದವು, ಅಂಚಿನ ಸವಕಲು ಎಷ್ಟೋ ಮಳೆಗಾಲಗಳ ಸಾಣೆಯದು. ಮುತ್ತಜ್ಜ ಬರೆದಿಟ್ಟ ಒಂದು ಸಾಲೂ ಆ ಮನೆಯಲ್ಲಿಲ್ಲ, ಇರುವುದು ಈ ಗುರುತುಗಳಷ್ಟೆ. ಯಂತ್ರ ಅವನ್ನು ಐದು ನಿಮಿಷದಲ್ಲಿ ಅಳಿಸಿಬಿಡುತ್ತದೆ. ಮಿತ್ರರು ಏನೂ ಹೇಳಲಿಲ್ಲ. ನಾವು ಹೊರಡುವ ಹೊತ್ತಿಗೆ ಅವರ ಮಗ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಅಲಗನ್ನು ಒರೆಸುತ್ತ, ಆ ಮುಕ್ಕುಗಳನ್ನು ಬೆರಳಿನಿಂದ ಎಣಿಸುತ್ತಿದ್ದ.