ಹಳ್ಳಿಗೆ ಕರೆಂಟ್ ಬಂತು ಎಂದರೆ ಏನರ್ಥ?

ಮಣಿಪುರದ ಗುಡ್ಡಗಾಡಿನಲ್ಲಿ ಲೈಸಾಂಗ್ ಎಂಬ ಪುಟ್ಟ ಹಳ್ಳಿಯಿದೆ. 2018ರ ಏಪ್ರಿಲ್ 28ರವರೆಗೆ ಆ ರಾಜ್ಯದ ಹೊರಗೆ ಅದರ ಹೆಸರು ಕೇಳಿದವರು ವಿರಳ. ಅಂದು ಅಲ್ಲಿ ವಿದ್ಯುತ್ ದೀಪ ಹೊತ್ತಿತು. ಅದರೊಂದಿಗೆ ಭಾರತದ ಎಲ್ಲ 5,97,464 ಜನವಸತಿ ಗ್ರಾಮಗಳಿಗೂ ವಿದ್ಯುತ್ ತಲುಪಿದಂತಾಯಿತು ಎಂದು ಕೇಂದ್ರ ಸರ್ಕಾರ ಘೋಷಿಸಿತು. ಉಳಿದಿರುವ 18,452 ಗ್ರಾಮಗಳನ್ನು ಸಾವಿರ ದಿನಗಳಲ್ಲಿ ಮುಗಿಸುತ್ತೇವೆ ಎಂದು ಪ್ರಧಾನಿ ನರೇಂದ್ರ ಮೋದಿ 2015ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಮಾತು ಕೊಟ್ಟಿದ್ದರು. ಗಡುವಿಗೆ ಮೊದಲೇ ಕೆಲಸ ಮುಗಿದಿತ್ತು.

ಆದರೆ ಘೋಷಣೆಯ ಮರುದಿನವೂ ದೇಶದಲ್ಲಿ ಕೋಟಿಗಟ್ಟಲೆ ಮನೆಗಳಲ್ಲಿ ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಸರ್ಕಾರ ಸುಳ್ಳು ಹೇಳಿತೇ? ಇಲ್ಲ. ಸಂಗತಿಯಿರುವುದು ‘ವಿದ್ಯುದೀಕರಣಗೊಂಡ ಗ್ರಾಮ’ ಎಂಬ ಮಾತಿನಲ್ಲಿ. ಸರ್ಕಾರಿ ಕಡತದಲ್ಲಿ ಈ ಮಾತಿಗೆ ಒಂದು ವ್ಯಾಖ್ಯೆಯಿದೆ. ಅದಕ್ಕೊಂದು ಸ್ವಾರಸ್ಯಕರ ಇತಿಹಾಸವೂ ಇದೆ.

ನಮ್ಮ ದೇಶದಲ್ಲಿ ವಿದ್ಯುತ್ತು ಹಳ್ಳಿಗಾಗಿ ಹುಟ್ಟಿದ್ದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಆ ತಂತಿಗಳು ಎಷ್ಟು ಹಳ್ಳಿಗಳ ತಲೆಯ ಮೇಲೆ ಹಾದುಹೋದವೋ ಲೆಕ್ಕವಿಟ್ಟವರಿಲ್ಲ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ವಿದ್ಯುತ್ ಕಂಡಿದ್ದ ಹಳ್ಳಿಗಳು ಸುಮಾರು 1,500 ಮಾತ್ರ.

ಮೊದಲ ಪಂಚವಾರ್ಷಿಕ ಯೋಜನೆಗಳಲ್ಲಿ ಹಳ್ಳಿಗೆ ದೀಪ ಕೊಡುವುದೆಂದರೆ ಒಂದು ಸಾಮಾಜಿಕ ಸೌಕರ್ಯ, ಅಷ್ಟೆ. ಅರವತ್ತರ ದಶಕದ ನಡುವಿನ ಬರ ಈ ದೃಷ್ಟಿಯನ್ನು ಬದಲಿಸಿತು. 1965-66 ಮತ್ತು 1966-67ರಲ್ಲಿ ಎರಡು ವರ್ಷ ಸತತವಾಗಿ ಮಳೆ ಕೈಕೊಟ್ಟು, ಅಮೆರಿಕದ ಗೋಧಿಗೆ ಕಾಯಬೇಕಾದ ಪರಿಸ್ಥಿತಿ ಬಂದಾಗ ದೆಹಲಿಗೆ ಬೇಕಾದದ್ದು ದೀಪವಲ್ಲ, ನೀರು. ಬಾವಿಯ ನೀರೆತ್ತಲು ಪಂಪು, ಪಂಪಿಗೆ ವಿದ್ಯುತ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ರಾಜ್ಯ ವಿದ್ಯುತ್ ಮಂಡಳಿಗಳು ಅದರ ಸಾಲದಿಂದ ಹೊಲಗಳಿಗೆ ಕಂಬ ನೆಡತೊಡಗಿದವು.

ಈ ಪಂಪಿನ ಗುರುತು ವ್ಯಾಖ್ಯೆಯಲ್ಲೂ ಕಾಣುತ್ತದೆ. 1997ರವರೆಗೆ ಜಾರಿಯಲ್ಲಿದ್ದ ನಿಯಮ ಹೀಗಿತ್ತು: ಗ್ರಾಮದ ಕಂದಾಯ ಗಡಿಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಕೆಯಾದರೆ ಆ ಗ್ರಾಮ ವಿದ್ಯುದೀಕರಣಗೊಂಡಂತೆ. ಊರಾಚೆ ಒಬ್ಬ ಅನುಕೂಲಸ್ಥನ ತೋಟದಲ್ಲಿ ಒಂದು ಪಂಪ್‌ಸೆಟ್ ಓಡಿದರೆ ಸಾಕು. ಊರೊಳಗೆ ಒಂದೂ ಬಲ್ಬು ಉರಿಯದಿದ್ದರೂ ವರದಿಯಲ್ಲಿ ಊರು ಬೆಳಗುತ್ತಿತ್ತು. ಹೀಗೆ ತೊಂಬತ್ತರ ದಶಕದಲ್ಲೇ ದೇಶದ ಶೇ 80ಕ್ಕೂ ಹೆಚ್ಚು ಹಳ್ಳಿಗಳಿಗೆ ವಿದ್ಯುತ್ ಸಿಕ್ಕಿದೆ ಎಂದು ಹೇಳಲು ಸಾಧ್ಯವಾಯಿತು. 2001ರ ಜನಗಣತಿಯವರು ಮನೆಮನೆಗೆ ಹೋಗಿ ‘ನಿಮ್ಮ ಮನೆಯ ಬೆಳಕಿಗೆ ಏನು ಬಳಸುತ್ತೀರಿ?’ ಎಂದು ಕೇಳಿದರು. ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ ಎಂದವರು ಶೇ 43.5 ಮಾತ್ರ. ಎರಡೂ ಸರ್ಕಾರದ್ದೇ ಲೆಕ್ಕ. ಒಂದು ಭೂಮಿಯನ್ನು ಎಣಿಸಿತ್ತು, ಇನ್ನೊಂದು ಮನೆಯನ್ನು.

1997ರಲ್ಲಿ ವ್ಯಾಖ್ಯೆ ಹೊಲದಿಂದ ಊರೊಳಕ್ಕೆ ಬಂತು. ಜನ ವಾಸಿಸುವ ಜಾಗದಲ್ಲಿ ವಿದ್ಯುತ್ ಬಳಕೆಯಾಗಬೇಕು ಎಂದಾಯಿತು. ದೊಡ್ಡ ಬದಲಾವಣೆಯಾದದ್ದು 2004ರಲ್ಲಿ. ಟ್ರಾನ್ಸ್‌ಫಾರ್ಮರ್ ಮತ್ತು ತಂತಿ ಊರಿಗಷ್ಟೇ ಅಲ್ಲ, ದಲಿತರ ಕೇರಿಗೂ ಬರಬೇಕು. ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರದಂಥ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ ಇರಬೇಕು. ಕನಿಷ್ಠ ಶೇ 10ರಷ್ಟು ಮನೆಗಳಿಗೆ ಸಂಪರ್ಕ ಸಿಕ್ಕಿರಬೇಕು. ಇದಕ್ಕೆ ಗ್ರಾಮ ಪಂಚಾಯಿತಿಯ ಪ್ರಮಾಣಪತ್ರ ಬೇಕು. ಪ್ರತಿ ವರ್ಷ ಮಾರ್ಚ್ 31ರ ಸ್ಥಿತಿ ನೋಡಿ ಪಂಚಾಯಿತಿ ಅದನ್ನು ಖಚಿತಪಡಿಸಬೇಕು.

ಕೇರಿಯ ಹೆಸರು ಬಂದದ್ದು ಸಣ್ಣ ಮಾತಲ್ಲ. ಕಂಬ ಊರಿನ ಕಡೆಯ ಮನೆಯವರೆಗೆ ಬಂದು ಅಲ್ಲಿಯೇ ನಿಂತುಬಿಡುವುದನ್ನು ಅದುವರೆಗೆ ಯಾವ ಕಡತವೂ ಲೋಪವೆಂದು ಕರೆದಿರಲಿಲ್ಲ. ಈ ನಿಯಮದಿಂದಾಗಿ ವಿದ್ಯುದೀಕರಣಗೊಂಡ ಹಳ್ಳಿಗಳ ಸಂಖ್ಯೆ ಒಮ್ಮೆಗೇ ಇಳಿಯಿತು. ತನ್ನ ಅಂಕವನ್ನು ತಾನೇ ಕಡಿಮೆ ಮಾಡಿಕೊಳ್ಳುವ ಅಳತೆಗೋಲನ್ನು ಸರ್ಕಾರವೊಂದು ಒಪ್ಪಿಕೊಳ್ಳುವುದು ಅಪರೂಪ. ಅದರ ಶ್ರೇಯ ಅದಕ್ಕೆ ಸಲ್ಲಬೇಕು.

ಆದರೂ ಶೇ 10 ಎಂದರೆ ಎಷ್ಟು? ನೂರು ಮನೆಯ ಊರಿನಲ್ಲಿ ಹತ್ತು ಮನೆ. ಉಳಿದ ತೊಂಬತ್ತು ಮನೆಯವರು ಕತ್ತಲಲ್ಲಿ ಕುಳಿತು ತಮ್ಮ ಊರಿಗೆ ಕರೆಂಟ್ ಬಂದ ಸುದ್ದಿಯನ್ನು ಕೇಳಬಹುದು. 2005ರಲ್ಲಿ ಆರಂಭವಾದ ರಾಜೀವ್ ಗಾಂಧಿ ಯೋಜನೆ ನಡೆದದ್ದು ಈ ವ್ಯಾಖ್ಯೆಯ ಮೇಲೆ. ಲೈಸಾಂಗ್‌ನ ದಿನ ಪೂರ್ಣಗೊಂಡದ್ದೂ ಇದೇ ವ್ಯಾಖ್ಯೆ. 2011ರ ಜನಗಣತಿಯಲ್ಲಿ ಗ್ರಾಮೀಣ ಮನೆಗಳ ಪ್ರಮಾಣ ಶೇ 55.3ಕ್ಕೆ ಏರಿತ್ತು. ಅದರಲ್ಲೂ ಎಂಥ ಅಂತರ! ನಗರ, ಹಳ್ಳಿ ಸೇರಿ ಕರ್ನಾಟಕದಲ್ಲಿ ಶೇ 90.6 ಮನೆಗಳಿಗೆ ವಿದ್ಯುತ್ತಿದ್ದರೆ ಬಿಹಾರದಲ್ಲಿ ಶೇ 16.4. ಒಂದೇ ದೆಹಲಿ, ಒಂದೇ ಯೋಜನೆ.

ಉತ್ತರ ಪ್ರದೇಶದ ಹಾಥರಸ್ ಬಳಿಯ ನಗ್ಲಾ ಫತೇಲಾ ಎಂಬ ಹಳ್ಳಿಯ ಕಥೆ ಇಲ್ಲಿ ನೆನಪಾಗುತ್ತದೆ. ದೆಹಲಿಯಿಂದ ಮೂರು ಗಂಟೆಯ ದಾರಿಯ ಈ ಊರಿಗೆ ಎಪ್ಪತ್ತು ವರ್ಷಗಳ ನಂತರ ವಿದ್ಯುತ್ ಬಂತು ಎಂದು ಪ್ರಧಾನಿ 2016ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಹೇಳಿದರು. ಬೆನ್ನಲ್ಲೇ ಪತ್ರಿಕೆಗಳವರು ಅಲ್ಲಿಗೆ ಹೋದರು. ಕೊಳವೆಬಾವಿಗಳಿಗೆ ವಿದ್ಯುತ್ತಿತ್ತು. ಮನೆಗಳಿಗೆ ಅಧಿಕೃತ ಸಂಪರ್ಕವಿರಲಿಲ್ಲ. ಅನೇಕರು ಕೊಳವೆಬಾವಿಯ ತಂತಿಯಿಂದಲೇ ಕದ್ದು ದೀಪ ಉರಿಸುತ್ತಿದ್ದರು. ನಿಯಮ ಎರಡು ಬಾರಿ ಬದಲಾದರೂ ಊರು ಹಳೆಯ ವ್ಯಾಖ್ಯೆಯಲ್ಲೇ ಉಳಿದಿತ್ತು.

ಎಣಿಕೆ ನಿಜಕ್ಕೂ ಮನೆಬಾಗಿಲಿಗೆ ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ, ಸೌಭಾಗ್ಯ ಯೋಜನೆಯೊಂದಿಗೆ. 2019ರ ಮಾರ್ಚ್ ಹೊತ್ತಿಗೆ 2.63 ಕೋಟಿ ಮನೆಗಳಿಗೆ ಸಂಪರ್ಕ ಕೊಟ್ಟದ್ದಾಗಿಯೂ, ಛತ್ತೀಸಗಢದ ನಕ್ಸಲ್ ಪೀಡಿತ ಪ್ರದೇಶದ 18,734 ಮನೆಗಳು ಮಾತ್ರ ಉಳಿದಿರುವುದಾಗಿಯೂ ಲೆಕ್ಕ ಬಂತು. ಆಮೇಲೆ ಏಳು ರಾಜ್ಯಗಳು ಇನ್ನೂ ಸುಮಾರು 19 ಲಕ್ಷ ಮನೆಗಳಿವೆ ಎಂದವು! ಮೊದಲು ಬೇಡವೆಂದು, ನಂತರ ಬೇಕೆಂದವರು ಇವರು ಎಂಬುದು ಕೊಟ್ಟ ವಿವರಣೆ. ಏನೇ ಇರಲಿ, ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಮನೆಗಳಿಗೆ ತಂತಿ ಎಳೆದದ್ದು ದೊಡ್ಡ ಕೆಲಸವೆಂಬುದರಲ್ಲಿ ಅನುಮಾನವಿಲ್ಲ.

ಈಗ ಉಳಿದಿರುವ ಪ್ರಶ್ನೆ ಗಂಟೆಯದು. ತಂತಿಯಲ್ಲಿ ದಿನಕ್ಕೆಷ್ಟು ಹೊತ್ತು ಕರೆಂಟ್ ಇರುತ್ತದೆ? ಇಲ್ಲಿ ದೆಹಲಿಯನ್ನು ಮಾತ್ರ ದೂರಿದರೆ ಸಾಲದು. ಕಂಬ, ತಂತಿಗೆ ಹೆಚ್ಚಿನ ಹಣ ಕೇಂದ್ರದ್ದು. ರಾಜೀವ್ ಗಾಂಧಿ ಯೋಜನೆಯಲ್ಲಿ ಶೇ 90ರಷ್ಟು ಅನುದಾನವಿತ್ತು. ಅದರಲ್ಲಿ ಕರೆಂಟ್ ಹರಿಸುವವರು ರಾಜ್ಯಗಳ ಕಂಪೆನಿಗಳು. ಬಡವರ ಮನೆಯ ಒಂದೆರಡು ಬಲ್ಬಿಗೆ ಕೊಡುವ ವಿದ್ಯುತ್ತಿಗೆ ಖರ್ಚಿನಷ್ಟು ದರ ಹುಟ್ಟುವುದಿಲ್ಲ. ರಾಜ್ಯ ಸರ್ಕಾರ ಸಹಾಯಧನದ ಬಾಕಿ ಉಳಿಸಿಕೊಂಡರೆ ಕಂಪೆನಿಗೆ ಪ್ರತಿ ಯೂನಿಟ್ಟೂ ನಷ್ಟ. ನಷ್ಟದ ಸರಕನ್ನು ಯಾವ ಅಂಗಡಿಯವನೂ ಮುತುವರ್ಜಿಯಿಂದ ಮಾರುವುದಿಲ್ಲ. ತಂತಿ ಕೇಂದ್ರದ ಸಾಧನೆಯ ಪಟ್ಟಿಗೆ ಸೇರುತ್ತದೆ. ಕತ್ತಲೆಗೆ ಹೊಣೆ ರಾಜ್ಯದ ಕಂಪೆನಿ. ಹಳ್ಳಿಯವರು ಮಾತ್ರ ಕೆ.ಇ.ಬಿ. ಹೋಗಿ ಎಷ್ಟೋ ವರ್ಷವಾದರೂ ‘ಕೆಇಬಿಯವರು ಕರೆಂಟ್ ತೆಗೆದ್ರು’ ಎಂದೇ ಬೈಯುತ್ತಾರೆ.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಾವಳಿಯನ್ನು ತಂದಿತು. ದಿನದ 24 ಗಂಟೆಯೂ ವಿದ್ಯುತ್ ಪಡೆಯುವುದು ಗ್ರಾಹಕನ ಹಕ್ಕು ಎಂದು ಅದು ಹೇಳುತ್ತದೆ. ಆದರೆ ಕೃಷಿಯಂಥ ಕೆಲವು ವರ್ಗಗಳಿಗೆ ಕಡಿಮೆ ಗಂಟೆ ನಿಗದಿಪಡಿಸಲು ನಿಯಂತ್ರಣ ಆಯೋಗಕ್ಕೆ ಅವಕಾಶವನ್ನೂ ಇಟ್ಟಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ತ್ರೀ ಫೇಸ್ ಬರುವ ಹೊತ್ತು ಮಾತ್ರ ಅನೇಕ ಕಡೆ ರಾತ್ರಿಯದು. ಹಳೆಯ ವ್ಯಾಖ್ಯೆಯಲ್ಲಿ ಇಡೀ ಊರನ್ನೇ ಬೆಳಗಿಸಿದ್ದ ಆ ಪಂಪನ್ನು ಚಾಲೂ ಮಾಡಲು ರೈತ ನಡುರಾತ್ರಿ ಎದ್ದು, ಹಾವು ಚೇಳಿಗೆ ಹೆದರುತ್ತ, ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯುತ್ತಾನೆ.