ಕರುವಿಗೆ ಗಿಣ್ಣ, ಕೂಸಿಗ್ಯಾಕ ಇಲ್ಲ?

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ)

ಇವತ್ತಿನ ಇತಿಹಾಸದ ಕಂತನ್ನ ನಮ್ಮ ಮನೆಯ ಎಮ್ಮೆಯಿಂದ ಶುರು ಮಾಡ್ತೀನಿ.

ನಮ್ಮೂರು ನವಲಗುಂದ ಮತ್ತು ಅಣ್ಣಿಗೇರಿ ನಡುವಿನ ಎರೆ ಹೊಲದ ಸೀಮೆ. ಕೆಲವು ವರ್ಷಗಳ ಹಿಂದೆ ಒಂದೇ ವಾರದಲ್ಲಿ ನಮ್ಮ ಮನೆಯಲ್ಲಿ ಎರಡು ಹೆರಿಗೆ ಆದವು. ಮೊದಲು ಎಮ್ಮೆ ಈದಿತು. ನಾಲ್ಕು ದಿನ ಬಿಟ್ಟು ನಮ್ಮ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಹಡೆದಳು.

ಎಮ್ಮೆ ಈದ ರಾತ್ರಿ ನಮ್ಮ ಆಯಿ, ಅಂದ್ರೆ ಅವ್ವನ ತಾಯಿ, ಲಾಟೀನು ಹಿಡಿದು ದನದ ಮನೆಯಲ್ಲೇ ಕೂತಿದ್ದಳು. ನಾನು ತಂಬಿಗೆ ಹಿಡಿದು ಹೋದರೆ ಬೈದಳು: "ಮೊದಲ ಕರಾ ಕುಡೀಲಿ. ಅದರ ಪಾಲು ಮುಗದ ಮ್ಯಾಲ ನಮ್ಮ ಗಿಣ್ಣ." ಮರುದಿನ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿ ನಾಲ್ಕು ಮನೆಗೆ ಹಂಚಿದಳು.

ಅದೇ ಆಯಿ ಆಸ್ಪತ್ರೆಯಲ್ಲಿ ಬೇರೆ ಮಾತು ಆಡಿದಳು. ನರ್ಸಮ್ಮ ಕೂಸನ್ನ ಅಕ್ಕನ ಎದೆಗೆ ಹಚ್ಚಿದ್ದರು. ಹಳದಿ ಬಣ್ಣದ ಗಟ್ಟಿ ಹಾಲು ಹನಿ ಹನಿಯಾಗಿ ಬರ್ತಿತ್ತು. ಆಯಿ ಸೆರಗು ಬಾಯಿಗೆ ಹಿಡಿದು, "ಅದು ಹೊಲಸ ಹಾಲು ಬೇ. ಹಿಂಡಿ ಚೆಲ್ಲು. ಮೂರ ದಿನಾ ಜೇನತುಪ್ಪ ನೆಕ್ಕಸೋಣು" ಅಂದಳು.

ನನಗೆ ತಡೆಯಲಿಲ್ಲ. "ಆಯಿ, ಕರುವಿಗೆ ಗಿಣ್ಣ ಮೊದಲು ಬೇಕು ಅಂತಿ. ಕೂಸಿಗ್ಯಾಕ ಬ್ಯಾಡ?" ಅಂತ ಕೇಳಿದೆ. ಆಯಿ ಉತ್ತರ ಕೊಡಲಿಲ್ಲ. "ನಮ್ಮ ಹಿರೇರು ಹಂಗ ಮಾಡ್ತಿದ್ರು" ಅಂದಳು, ಅಷ್ಟೇ.

ಆ ಪ್ರಶ್ನೆ ಹಿಡ್ಕೊಂಡು ಹೊರಟಾಗ ನನಗೆ ಸಿಕ್ಕ ಕಥೆನೇ ಇವತ್ತಿನ ಕಂತು.

ಇದು ಹಳ್ಳಿ ಮುದುಕಿಯರ ಮೌಢ್ಯ ಅಲ್ಲ

ಮೊದಲ ಹಾಲು ಕೊಡಬಾರದು ಅನ್ನೋದು ನಮ್ಮ ಸೀಮೆಯ ಹೆಂಗಸರು ಕಟ್ಟಿದ ಮಾತು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸುಶ್ರುತ ಸಂಹಿತೆ ಹೇಳುವುದು ಹೀಗೆ: ತಾಯಿಗೆ ಹಾಲು ಇಳಿಯುವುದು ಮೂರು, ನಾಲ್ಕು ದಿನ ಆದ ಮೇಲೆ, ಅಲ್ಲಿಯವರೆಗೆ ಕೂಸಿಗೆ ಜೇನುತುಪ್ಪ, ತುಪ್ಪ ಕೊಡಬೇಕು. 2ನೇ ಶತಮಾನದ ರೋಮ್‌ನಲ್ಲಿದ್ದ ಸೊರಾನಸ್ ಎಂಬ ಗ್ರೀಕ್ ವೈದ್ಯ ಇನ್ನೂ ಮುಂದೆ ಹೋಗಿ, ತಾಯಿಯ ಹಾಲು 20 ದಿನದವರೆಗೂ ಬೇಡ, ಮೊದಲು ಜೇನು ಕೊಡಿ ಎಂದ. ಯುರೋಪಿನ ವೈದ್ಯರು ಶತಮಾನಗಳ ಕಾಲ ಇಂಥ ಮಾತನ್ನೇ ನಂಬಿದರು. 1748ರಲ್ಲಿ ವಿಲಿಯಂ ಕಡೋಗನ್ ಎಂಬ ಇಂಗ್ಲಿಷ್ ವೈದ್ಯ ಒಂದು ಪುಟ್ಟ ಪ್ರಬಂಧ ಬರೆದು, ಕೂಸನ್ನು ಬೇಗ ತಾಯಿಯ ಎದೆಗೆ ಹಚ್ಚಿ ಎಂದಾಗ ಅದು ಅಲ್ಲಿ ಹೊಸ ಮಾತು.

ಅಂದ್ರೆ ನಮ್ಮ ಆಯಿ ಹೇಳಿದ್ದನ್ನೇ ಆ ಕಾಲದ ದೊಡ್ಡ ದೊಡ್ಡ ವೈದ್ಯರೂ ಹೇಳ್ತಿದ್ದರು. ಕೊನೆಗೆ ಬೈಗುಳ ತಿಂದವರು ಮಾತ್ರ ಹಳ್ಳಿ ಹೆಂಗಸರು.

ಗುಲಗಂಜಿ ತಿಂದ ಇಲಿಗಳು

ಈಗ ಜರ್ಮನಿಗೆ ಹೋಗೋಣ, 1892ರ ಬರ್ಲಿನ್‌ಗೆ. ಅಲ್ಲಿ ಪೌಲ್ ಎರ್ಲಿಖ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ. ಅವನು ಬಳಸಿದ ವಿಷಗಳು ನಮ್ಮ ಹೊಲದ ಬದುವಿನಲ್ಲೇ ಸಿಗುವಂಥವು: ಒಂದು ಗುಲಗಂಜಿಯ ವಿಷ, ಇನ್ನೊಂದು ಔಡಲ ಬೀಜದ್ದು. ಪತ್ತಾರರು ಬಂಗಾರ ತೂಗಲಿಕ್ಕೆ ಇಡ್ತಿದ್ದ ಗುಲಗಂಜಿನೇ ಅದು.

ತಾಯಿ ಇಲಿಗಳಿಗೆ ಆ ವಿಷವನ್ನು ಚೂರು ಚೂರೇ ಕೊಟ್ಟು ರೂಢಿ ಮಾಡಿದ. ಅವುಗಳ ಮೈಯಲ್ಲಿ ವಿಷ ತಡೆಯುವ ಶಕ್ತಿ ಬಂತು. ಆಮೇಲೆ ಮರಿಗಳನ್ನು ಅದಲು ಬದಲು ಮಾಡಿದ. ಸಾಮಾನ್ಯ ತಾಯಿಯ ಮರಿಗಳಿಗೆ ವಿಷ ತಡೆಯುವ ತಾಯಿಯ ಹಾಲು ಕುಡಿಸಿದ. ಆ ಮರಿಗಳಿಗೂ ವಿಷ ತಡೆಯುವ ಶಕ್ತಿ ಬಂತು. ಹೆತ್ತವಳಿಂದ ಬಾರದ್ದು ಹಾಲು ಕೊಟ್ಟವಳಿಂದ ಬಂತು. ಹಾಲು ಅಂದ್ರೆ ಬರೀ ಹೊಟ್ಟೆ ತುಂಬಿಸೋ ವಸ್ತು ಅಲ್ಲ, ಅದರ ಜೊತೆ ರೋಗ ತಡೆಯುವ ಶಕ್ತಿಯೂ ಹೋಗ್ತದೆ ಅಂತ ಪ್ರಯೋಗದಲ್ಲಿ ಕಂಡದ್ದು ಹೀಗೆ. ರೋಗನಿರೋಧಕ ಶಕ್ತಿಯ ಅಧ್ಯಯನಕ್ಕಾಗಿ ಎರ್ಲಿಖ್‌ಗೆ 1908ರಲ್ಲಿ ನೊಬೆಲ್ ಸಿಕ್ಕಿತು.

ಆಯಿಯ ಕರುವಿನ ಲೆಕ್ಕ ಇಲ್ಲಿ ಅರ್ಥ ಆಗ್ತದೆ. ಎಮ್ಮೆ, ಆಕಳ ಗರ್ಭದಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು, ಅಂದ್ರೆ ರೋಗದ ವಿರುದ್ಧ ಹೋರಾಡುವ ಕಣಗಳು, ಕರುವಿಗೆ ದಾಟೋದೇ ಇಲ್ಲ. ಕರು ಬರಿಗೈಲೇ ಹುಟ್ಟುತ್ತದೆ. ಗಿಣ್ಣದಲ್ಲಿರೋ ಪ್ರತಿಕಾಯಗಳನ್ನು ಅದರ ಕರುಳು ರಕ್ತಕ್ಕೆ ಎಳೆದುಕೊಳ್ಳೋದು ಮೊದಲ ಒಂದು ದಿನ ಮಾತ್ರ. ಆಮೇಲೆ ಬಾಗಿಲು ಮುಚ್ಚಿದಂಗೆ. ಗಿಣ್ಣ ತಪ್ಪಿದ ಕರು ಸಾಯೋದನ್ನ ರೈತರು ಕಣ್ಣಾರೆ ಕಂಡಿದ್ದರು, ಹಾಗಾಗಿ ಕಲಿತರು.

ಮನುಷ್ಯರಲ್ಲಿ ಲೆಕ್ಕ ಬೇರೆ. ನಮ್ಮ ಕೂಸುಗಳಿಗೆ ಒಂದು ಬಗೆಯ ಪ್ರತಿಕಾಯ ಹೊಟ್ಟೆಯಲ್ಲಿರುವಾಗಲೇ ಬಂದಿರ್ತದೆ. ಹೀಗಾಗಿ ಮೊದಲ ಹಾಲು ಚೆಲ್ಲಿದರೂ ಬಹಳಷ್ಟು ಕೂಸು ಬದುಕಿದವು. ಕೆಲವು ಹೋದವು. ಹೋದದ್ದು ಯಾಕೆ ಅಂತ ಯಾರಿಗೂ ಕಾಣಲಿಲ್ಲ. ಕರುವಿನಲ್ಲಿ ಕಂಡ ಪಾಠ ಕೂಸಿನಲ್ಲಿ ಮರೆಯಾಗಿ ಉಳಿಯಿತು.

ಕರುಳಿನ ಕಾವಲು

ಮನುಷ್ಯರ ಹಳದಿ ಹಾಲಿನ ಕೆಲಸ ಹೆಚ್ಚಾಗಿ ಕರುಳಿನ ಒಳಗೇ. 1961ರಲ್ಲಿ ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್, ಎದೆಹಾಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ರಕ್ತದಲ್ಲಿರುವುದಕ್ಕಿಂತ ಬೇರೆ ರೂಪದ್ದು ಎಂದು ತೋರಿಸಿದರು. ಅದು ಹೊಟ್ಟೆಯಲ್ಲಿ ಸುಲಭವಾಗಿ ಜೀರ್ಣ ಆಗೋದಿಲ್ಲ. ಕರುಳಿನ ಗೋಡೆಗೆ ರೋಗಾಣು ಅಂಟದಂತೆ ಕಾವಲು ನಿಲ್ತದೆ. ಮೊದಲ ಕೆಲವು ದಿನದ ಹಾಲಿನಲ್ಲಿ ಅದು ಅತಿ ಹೆಚ್ಚು.

ಇನ್ನೂ ಒಂದು ವಿಶೇಷ ಐತಿ. ನಮ್ಮ ಬೆಣ್ಣೆಹಳ್ಳದ ಸೀಮೆಯಲ್ಲಿ ಬೋರಿನ ನೀರು ಸವಳು, ಎಷ್ಟೋ ಊರು ಕೆರೆ ನೀರನ್ನೇ ನೆಚ್ಚಿಕೊಂಡು ಬದುಕಿದವು. ಆ ನೀರಿನ ರೋಗಾಣು ಮೊದಲು ತಾಯಿಯ ಕರುಳಿಗೆ ಹೋಗ್ತದೆ. ಅಲ್ಲಿ ಅದನ್ನು ಗುರುತಿಸಿದ ರಕ್ಷಣಾ ಕೋಶಗಳು ರಕ್ತದ ಮೂಲಕ ಎದೆಗೆ ಬರ್ತಾವೆ, ಅದೇ ರೋಗಾಣುವಿನ ವಿರುದ್ಧ ಪ್ರತಿಕಾಯವನ್ನು ಹಾಲಿಗೆ ಸೇರಿಸ್ತಾವೆ. ಅಂದ್ರೆ ನವಲಗುಂದದ ತಾಯಿಯ ಹಾಲಿನಲ್ಲಿ ನವಲಗುಂದದ ರೋಗಾಣುಗಳಿಗೇ ಉತ್ತರ ಇರ್ತದೆ. ಯಾವ ಡಬ್ಬಿಯಲ್ಲೂ ಇದು ಸಿಗೋದಿಲ್ಲ.

ಎರಡನೇ ಪಡೆ ಬೇರೆ. 1899ರ ಸುಮಾರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯೆ ಎದೆಹಾಲು ಕುಡಿಯುವ ಕೂಸುಗಳ ಮಲ ಪರೀಕ್ಷಿಸಿ, ಕವಲೊಡೆದ ಕೋಲಿನಂಥ ಒಂದು ಬ್ಯಾಕ್ಟೀರಿಯಾ ಕಂಡ. ಅದಕ್ಕೆ ಇವತ್ತಿನ ಹೆಸರು ಬಿಫಿಡೋಬ್ಯಾಕ್ಟೀರಿಯಂ. ಎದೆಹಾಲಿನ ಕೂಸಿನಲ್ಲಿ ಅದು ತುಂಬಿ ತುಳುಕ್ತಿತ್ತು. ಅದಕ್ಕೆ ಏನು ಊಟ ಸಿಗ್ತದೆ ಅನ್ನೋದು ಗೊತ್ತಾಗಲಿಕ್ಕೆ 1950ರ ದಶಕ ಬರಬೇಕಾಯ್ತು. ಅಮೆರಿಕದಲ್ಲಿದ್ದ ಪೌಲ್ ಗ್ಯೋರ್ಗಿ ಮತ್ತು ಜರ್ಮನಿಯ ರಿಚರ್ಡ್ ಕುನ್ ಅವರ ತಂಡಗಳು ಆ ಊಟ ಎದೆಹಾಲಿನ ವಿಶೇಷ ಸಕ್ಕರೆಗಳು ಎಂದು ಕಂಡುಕೊಂಡವು.

ಈ ಸಕ್ಕರೆಗಳ ಹೆಸರು ಆಲಿಗೋಸ್ಯಾಕರೈಡ್. ನೂರೈವತ್ತಕ್ಕೂ ಹೆಚ್ಚು ಬಗೆ ಅದಾವು. ನೀರು ಬಿಟ್ಟರೆ ಎದೆಹಾಲಿನಲ್ಲಿ ಹೆಚ್ಚಿರೋದು ಹಾಲಿನ ಸಕ್ಕರೆ, ಆಮೇಲೆ ಕೊಬ್ಬು, ಮೂರನೇದು ಇವು. ಮಜಾ ಏನಂದ್ರೆ, ಇವನ್ನ ಕೂಸು ಜೀರ್ಣಿಸಿಕೊಳ್ಳಲಾರದು. ತಾಯಿ ಅಷ್ಟು ಶಕ್ತಿ ಖರ್ಚು ಮಾಡಿ, ಕೂಸು ಅರಗಿಸಿಕೊಳ್ಳದ ವಸ್ತು ತಯಾರಿಸ್ತಾಳೆ. ಯಾಕಂದ್ರೆ ಅದು ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳ ಪಾಲು.

ಎರೆ ಹೊಲ ಖಾಲಿ ಬಿಟ್ಟರೆ ಏನಾಗ್ತದೆ, ನಿಮಗೆ ಗೊತ್ತು. ಕಳೆ ಬೆಳೀತದೆ. ಹದ ನೋಡಿ ಮೊದಲೇ ಬಿತ್ತಿದರೆ ಬೆಳೆ ಜಾಗ ಹಿಡೀತದೆ. ಹುಟ್ಟಿದ ಕೂಸಿನ ಕರುಳೂ ಹಾಗೇ. ಬಿಫಿಡೋಬ್ಯಾಕ್ಟೀರಿಯಂ ಆ ಸಕ್ಕರೆ ತಿಂದು ಆಮ್ಲ ಬಿಡ್ತದೆ. ಅತಿಸಾರ ತರುವ ಎಷ್ಟೋ ರೋಗಾಣುಗಳಿಗೆ ಆ ಹುಳಿ ಆಗೋದಿಲ್ಲ. ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ಹಿಡಿದಿಟ್ಟು ರೋಗಾಣುಗಳನ್ನು ಉಪವಾಸ ಕೆಡವ್ತದೆ.

ಆಯಿ ಚೆಲ್ಲು ಅಂದ ಆ ಒಂದು ಚಮಚ ಹಾಲಿನಲ್ಲಿ ಇಷ್ಟೆಲ್ಲಾ ಇತ್ತು. ಮೊದಲ ದಿನ ಒಂದು ಸಲಕ್ಕೆ ಕೂಸಿಗೆ ಬೇಕಾಗೋದು ಸುಮಾರು ಒಂದು ಚಮಚವೇ. "ಹಾಲೇ ಬಂದಿಲ್ಲ" ಅಂತ ಗಾಬರಿಯಾಗುವ ತಾಯಂದಿರು ಇದನ್ನ ನೆನಪಿಡ್ರಿ.

ಮೈಸೂರಿನ ಡಬ್ಬಿ

ಈ ವಿಜ್ಞಾನ ಬೆಳೀತಿದ್ದಾಗಲೇ ಪೇಟೆಯೂ ಬೆಳೀತು. 1865ರಲ್ಲಿ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಕೂಸಿನ ಆಹಾರದ ಸೂತ್ರ ಪ್ರಕಟಿಸಿದ. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ತನ್ನ ಹಾಲುಹಿಟ್ಟು ತಂದ.

ನಮ್ಮ ರಾಜ್ಯದ ಪಾಲೂ ಈ ಕಥೆಯಲ್ಲಿ ಐತಿ. ಸ್ವಾತಂತ್ರ್ಯದ ಹೊತ್ತಿಗೆ ದೇಶಕ್ಕೆ ಕೂಸಿನ ಹಾಲುಪುಡಿ ಹೊರಗಿನಿಂದ ಬರಬೇಕಿತ್ತು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದರಿಂದ ಕೂಸಿನ ಆಹಾರ ಮಾಡೋದು ಕಷ್ಟ ಅನ್ನೋ ಅಭಿಪ್ರಾಯ ಇತ್ತು. ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಮ್ಮೆ ಹಾಲಿನಿಂದಲೇ ಅದನ್ನು ಮಾಡುವ ವಿಧಾನ ಕಂಡುಹಿಡಿದರು. ಗುಜರಾತಿನ ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು.

ಇದು ಹೆಮ್ಮೆಯ ಕೆಲಸವೇ. ತಾಯಿ ತೀರಿಹೋದ, ಅಥವಾ ತಾಯಿಗೆ ಹಾಲು ಕೊಡಲಾಗದ ಕೂಸಿಗೆ ಅದು ಆಸರೆ. ತೊಂದರೆ ಆದದ್ದು ಬೇಕಿಲ್ಲದವರಿಗೂ ಮಾರಿದಾಗ. ಪುಡಿ ದುಬಾರಿ, ಹಾಗಾಗಿ ಬಡವರು ತೆಳ್ಳಗೆ ಕಲಸಿದರು. ಕಲಸಿದ ನೀರು ಶುದ್ಧ ಇರಲಿಲ್ಲ. ಬಾಟಲಿ ಕುದಿಸೋಕೆ ಉರುವಲು ಇರಲಿಲ್ಲ. ಡಾಕ್ಟರ್ ಸಿಸಿಲಿ ವಿಲಿಯಮ್ಸ್ 1939ರಲ್ಲೇ ಸಿಂಗಪುರದಲ್ಲಿ ಭಾಷಣ ಮಾಡಿ, ಕೂಸುಗಳಿಗೆ ಒಗ್ಗದ ಡಬ್ಬಿ ಹಾಲು ಮಾರೋದನ್ನ ಕೊಲೆಗೆ ಹೋಲಿಸಿದ್ದರು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯ್ತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲಿನ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆ ಒಪ್ಪಿತು. ಭಾರತ 1992ರಲ್ಲಿ ಕಾನೂನು ಮಾಡಿ, 2003ರಲ್ಲಿ ಬಿಗಿ ಮಾಡಿತು. ಈ ಕಾನೂನಿನ ಪ್ರಕಾರ ಎರಡು ವರ್ಷದೊಳಗಿನ ಕೂಸಿನ ಹಾಲುಪುಡಿ, ಆಹಾರ, ಬಾಟಲಿ ಯಾವುದಕ್ಕೂ ಜಾಹೀರಾತು ಕೊಡುವಂತಿಲ್ಲ. ರಿಯಾಯಿತಿ, ಉಚಿತ ಸ್ಯಾಂಪಲ್‌ಗಳೂ ಇಲ್ಲ.

ಈಗ ನಿಮ್ಮ ಮೊಬೈಲ್ ನೋಡ್ರಿ. ಮನೆಯಲ್ಲಿ ಬಾಣಂತಿ ಇದ್ದು ಒಂದೆರಡು ಸಲ ಹುಡುಕಿದರೆ ಸಾಕು, ರೀಲ್ಸ್‌ನಲ್ಲಿ ಏನೇನು ಬರ್ತಾವೆ ಗಮನಿಸ್ರಿ. ಮಾತು ಪ್ರೀತಿಯದ್ದೇ ಇರಬಹುದು, ಅದರ ಹಿಂದೆ ಮಾರಾಟ ಐತೇನು ಅಂತ ಕೇಳೋದು ನಮ್ಮ ಕೆಲಸ.

ಇವತ್ತಿನ ಲೆಕ್ಕ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 100ಕ್ಕೆ ಸುಮಾರು 89 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಾವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗೋದು 100ಕ್ಕೆ ಸುಮಾರು 42 ಕೂಸುಗಳಿಗೆ. ಅಂದ್ರೆ ತಪ್ಪು ಆಯಿಯಂಥವರದ್ದು ಮಾತ್ರ ಅಲ್ಲ. ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಿಯ ಪಕ್ಕದಲ್ಲಿ ಕೂತು ಕೂಸನ್ನ ಎದೆಗೆ ಹಚ್ಚೋರು ಬೇಕು. ಮನೆಯಲ್ಲಿ "ಕುಡಸು, ನಾವು ಅದೀವಿ" ಅನ್ನೋರು ಬೇಕು.

ಮಾಡಬೇಕಾದ್ದು ಸರಳ. ಮೊದಲ ಗಂಟೆಯೊಳಗೆ ಎದೆಹಾಲು. ಆರು ತಿಂಗಳು ಬರೀ ಎದೆಹಾಲು, ಬೇಸಿಗೆಯಲ್ಲೂ ನೀರು ಬೇಡ. ಎದೆಹಾಲಿನಲ್ಲಿ 100ಕ್ಕೆ 87ರಷ್ಟು ನೀರೇ ಇರ್ತದೆ. ಒಂದು ವರ್ಷ ಆಗೋತನಕ ಜೇನುತುಪ್ಪ ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಸೋಲಿಸ್ತದೆ. ಆರು ತಿಂಗಳ ಮೇಲೆ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಅನ್ನ, ಜೋಳ ರಾಗಿಯ ಅಂಬಲಿ, ತತ್ತಿ ತಿನ್ನುವವರಾದರೆ ತತ್ತಿ. ಜೊತೆಗೆ ಎರಡು ವರ್ಷದವರೆಗೂ ಎದೆಹಾಲು. ಲಸಿಕೆ ತಪ್ಪಿಸಬೇಡ್ರಿ, ಹಾಲು ಲಸಿಕೆಯ ಬದಲಿ ಅಲ್ಲ. ಹಾಲು ಸಾಲದ ತಾಯಿ ಡಾಕ್ಟರ ಸಲಹೆ ಮೇಲೆ ಪುಡಿ ಕೊಟ್ಟರೆ ಆಕೆಯನ್ನ ಯಾರೂ ಹಂಗಿಸಬೇಡ್ರಿ.

ಆಯಿಯ ಪ್ರಶ್ನೆ

ನಮ್ಮ ಅಕ್ಕ ಹಾಲು ಚೆಲ್ಲಲಿಲ್ಲ. ನರ್ಸಮ್ಮ ಆಯಿಯನ್ನ ಪಕ್ಕಕ್ಕೆ ಕೂಡಿಸಿಕೊಂಡು, "ಅಜ್ಜಿ, ಇದು ಕೂಸಿನ ಗಿಣ್ಣ ನೋಡ್ರಿ" ಅಂದರು. ಅದೊಂದೇ ಮಾತು ಆಯಿಗೆ ತಟ್ಟಿತು.

ಹದಿಮೂರನೇ ದಿನ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸನ್ನ ಹಾಕಿದೆವು. ಹೆಂಗಸರೆಲ್ಲಾ ಹೋದ ಮೇಲೆ ಆಯಿ ತೊಟ್ಟಿಲು ತೂಗ್ತಾ ಕೇಳಿದಳು: "ಏಳು ಹಡದೆ. ನಾಕ ಉಳದಾವು. ಹಂಗಾರ ಆ ಮೂರು ಹೋಗಿದ್ದಕ್ಕ ನಾನ ಕಾರಣ ಏನ್ ತಮ್ಮಾ?"

ಆಕೆ ಹಡೆದ ಕಾಲದಲ್ಲಿ ಊರಲ್ಲಿ ನರ್ಸ್ ಇರಲಿಲ್ಲ, ಲಸಿಕೆ ಇರಲಿಲ್ಲ, ಅತಿಸಾರಕ್ಕೆ ಓಆರ್‌ಎಸ್ ಪೊಟ್ಟಣ ಇರಲಿಲ್ಲ. ಕುಡಿಯೋದು ಕೆರೆ ನೀರು. ಯಾವ ಕೂಸು ಯಾತರಿಂದ ಹೋಯ್ತು ಅಂತ ಇವತ್ತು ಯಾರೂ ಹೇಳಲಾರರು. ನಾನು ಅಂದೆ: "ಆಯಿ, ನಿನಗ ಇದನ್ನ ಹೇಳಬೇಕಾದವರು ಹೇಳಲಿಲ್ಲ. ಎರ್ಲಿಖ್ ಕಂಡಿದ್ದು 1892ರಾಗ. ನಿನ್ನ ಬಾಣಂತನದ ಹೊರಸಿನ ತನಕ ಆ ಮಾತು ಬರಲೇ ಇಲ್ಲ. ಅದು ನಿನ್ನ ತಪ್ಪಲ್ಲ."

ಆಯಿ ಏನೂ ಅನ್ನಲಿಲ್ಲ. ಆದರೆ ಮುಂದಿನ ವರ್ಷ ಪಕ್ಕದ ಮನೆಯ ಸೊಸೆ ಹಡೆದಾಗ ಅಂಟಿನ ಉಂಡಿ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲು ಹೋದವಳು ಆಯಿನೇ. ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ: "ಕೂಸಿಗೆ ಗಿಣ್ಣ ಕುಡಿಸೀರೇನು?"

ನಿಮ್ಮ ಮನೆಯ ಅಜ್ಜಿಯರ ಹತ್ತಿರವೂ ಇಂಥ ಕಥೆ ಇರ್ತಾವೆ. ಬೈಯಬೇಡ್ರಿ, ಕೂತು ಕೇಳ್ರಿ. ಈ ಕಂತನ್ನ ಅವರಿಗೂ ಕೇಳಸ್ರಿ.