ಗುಜರಿಗೆ ಹೋಗಬೇಕಿದ್ದ ವಾಚು ಅಟ್ಟದಲ್ಲಿ ಉಳಿಯಿತು

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಹಳೆಯ ರೋಲೆಕ್ಸ್ ಡೇಟೋನಾ ವಾಚು 1.77 ಕೋಟಿ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ! ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟಿದ್ದ ವಾಚು ಎಂಬುದೇ ಆ ಬೆಲೆಗೆ ಕಾರಣ. ಆದರೆ ಹಳೇ ಸ್ವಿಸ್ ವಾಚು ಕೂಡಿಡುವವರು ಇನ್ನೊಂದು ವಾಚಿನ ಕಥೆಯನ್ನೂ ಬಹಳ ಪ್ರೀತಿಯಿಂದ ಹೇಳುತ್ತಾರೆ. ನಾವು ಹೇಳಹೊರಟಿರುವುದು ಅದನ್ನೇ. ಅದರಲ್ಲಿ ನಟರಿಲ್ಲ, ಕಾರ್ಖಾನೆಯ ಒಬ್ಬ ಮೇಸ್ತ್ರಿ ಇದ್ದಾರೆ.

ಸ್ವಿಟ್ಜರ್ಲೆಂಡಿನ ಜ್ಯೂರಾ ಬೆಟ್ಟಸೀಮೆಯಲ್ಲಿ ಲೆ ಲೋಕ್ಲ್ ಎಂಬ ಸಣ್ಣ ಊರಿದೆ. ಅಲ್ಲಿ 1865ರಲ್ಲಿ ಶುರುವಾದ ಝೆನಿತ್ ಕಂಪನಿ 1969ರ ಜನವರಿ 10ರಂದು 'ಎಲ್ ಪ್ರಿಮೆರೊ' ಎಂಬ ಯಂತ್ರವನ್ನು ಜನರ ಮುಂದಿಟ್ಟಿತು. ಮೊದಲನೆಯದು ಎಂದು ಅದರ ಅರ್ಥ. ಅದು ಸ್ಟಾಪ್‌ವಾಚೂ ಸೇರಿರುವ ಕೈಗಡಿಯಾರದ ಯಂತ್ರ. ದಿನಾ ಕೀ ಕೊಡಬೇಕಾಗಿಲ್ಲ, ಕೈ ಆಡಿದಂತೆ ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುತ್ತದೆ. ಗಂಟೆಗೆ 36,000 ಸಲ, ಅಂದರೆ ಸೆಕೆಂಡಿಗೆ ಹತ್ತು ಸಲ ಮಿಡಿಯುವುದರಿಂದ ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಅಳೆಯುತ್ತದೆ. (ಇಂಥ ವಾಚು ಮೊದಲು ಮಾಡಿದ್ದು ಯಾರು ಎಂದು ಹೊಯರ್-ಬ್ರೈಟ್ಲಿಂಗ್ ಕೂಟ, ಸೀಕೋ, ಝೆನಿತ್ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ.)

ಅದೇ ವರ್ಷ ಡಿಸೆಂಬರ್ 25ರಂದು ಜಪಾನಿನ ಸೀಕೋ ಸೆಲ್ಲಿನಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ತಂದಿತು. ಮೊದಲು ಅದರ ಬೆಲೆ ಒಂದು ಸಣ್ಣ ಕಾರಿನಷ್ಟಿತ್ತು. ಕೆಲವೇ ವರ್ಷಗಳಲ್ಲಿ ಅಗ್ಗವಾಯಿತು. ಸ್ವಿಸ್ ವಾಚು ಉದ್ಯಮದಲ್ಲಿ 1970ರಲ್ಲಿ ಸುಮಾರು 90 ಸಾವಿರ ಜನರಿದ್ದರು. 80ರ ದಶಕದ ನಡುವಿಗೆ 30 ಸಾವಿರದ ಆಸುಪಾಸಿಗೆ ಇಳಿದರು. ನಮ್ಮ ಎಚ್ಎಂಟಿಗೂ ಮುಂದೆ ಇದೇ ಗಾಳಿ ತಟ್ಟಿತು. ಮದುವೆಗೆ ಎಚ್ಎಂಟಿ ವಾಚು ಕೊಡುತ್ತಿದ್ದ ಮನೆಗಳಿಗೆ ಅದನ್ನು ಹೇಳಬೇಕಿಲ್ಲ.

ಅಷ್ಟರಲ್ಲಿ ಝೆನಿತ್ ಅಮೆರಿಕದ ಶಿಕಾಗೋದ ರೇಡಿಯೋ ಕಂಪನಿಯೊಂದರ ಕೈ ಸೇರಿತ್ತು. 1975ರಲ್ಲಿ ಅಲ್ಲಿಂದ ಅಪ್ಪಣೆ ಬಂತು: ಇನ್ನು ಬರೀ ಕ್ವಾರ್ಟ್ಜ್, ಹಳೇ ಯಂತ್ರ, ಅಚ್ಚುಗಳನ್ನು ಗುಜರಿಗೆ ಹಾಕಿ. ಕ್ರೋನೋಗ್ರಾಫ್ ವಿಭಾಗದ ಮೇಸ್ತ್ರಿ ಚಾರ್ಲ್ಸ್ ವರ್ಮೊ ಬೇಡವೆಂದು ಕಾಗದ ಬರೆದರು. ಉತ್ತರ ಬರಲಿಲ್ಲ. ಆಮೇಲೆ ಅವರು ಒಂದೊಂದಾಗಿ ಪ್ರೆಸ್‌ಗಳನ್ನು, ಕ್ಯಾಮ್‌ಗಳನ್ನು, ಕತ್ತರಿಸುವ ಉಪಕರಣಗಳನ್ನು ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿದರು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದರು. ಯಾವುದರಿಂದ ಯಾವ ಕೆಲಸ, ಯಾವುದು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟರು. ನಮಗೆ ಈ ಬರೆದಿಟ್ಟದ್ದೇ ದೊಡ್ಡದಾಗಿ ಕಾಣುತ್ತದೆ. ಬರೀ ಕಬ್ಬಿಣ ಉಳಿದು ಅದನ್ನು ಬಳಸುವ ವಿದ್ಯೆ ಹೋಗಿದ್ದರೆ ಏನು ಬಂತು? ಅವರು ಯಜಮಾನರ ಮಾತು ಮೀರಿದ್ದು ಹೌದು. ಆದರೆ ಒಂದು ಮೊಳೆಯನ್ನೂ ಮನೆಗೆ ಒಯ್ಯಲಿಲ್ಲ.

1978ರಲ್ಲಿ ಝೆನಿತ್ ಮತ್ತೆ ಸ್ವಿಸ್ ಮಾಲೀಕರಿಗೆ ಬಂತು. 80ರ ದಶಕದಲ್ಲಿ ಹಳೇ ಮಾದರಿಯ ವಾಚುಗಳಿಗೆ ಗಿರಾಕಿಗಳು ಹುಟ್ಟಿಕೊಂಡರು. ಎಲ್ಲ ಉಪಕರಣವನ್ನೂ ಹೊಸದಾಗಿ ಮಾಡಿಸುವುದು ಭಾರೀ ಖರ್ಚಿನ ಮಾತು. ವರ್ಮೊ ಅಟ್ಟದ ಗುಟ್ಟು ಬಿಚ್ಚಿದರು. 1984ರಲ್ಲಿ ಎಲ್ ಪ್ರಿಮೆರೊ ತಯಾರಿ ಮತ್ತೆ ಶುರುವಾಯಿತು. 1988ರಲ್ಲಿ ರೋಲೆಕ್ಸ್ ತನ್ನ ಡೇಟೋನಾಕ್ಕೆ ಇದೇ ಯಂತ್ರ ಕೊಂಡು, ಮಿಡಿತವನ್ನು 28,800ಕ್ಕೆ ಇಳಿಸಿ, ಸಾಕಷ್ಟು ಬದಲಾಯಿಸಿ, 2000ದವರೆಗೂ ಬಳಸಿತು. ಸಂಗ್ರಹಕಾರರು ಅವನ್ನು 'ಝೆನಿತ್ ಡೇಟೋನಾ' ಎಂದೇ ಹುಡುಕುತ್ತಾರೆ. ಆ ಅಟ್ಟವನ್ನು ಈಗ ಕಾರ್ಖಾನೆ ನೋಡಲು ಬಂದವರಿಗೆ ತೋರಿಸುತ್ತಾರೆ.

1969ರ ಮೊದಲ ವಾಚುಗಳಲ್ಲಿ ಎ386 ಮಾದರಿಗೆ ಬೇಡಿಕೆ ಹೆಚ್ಚು. ಬಿಳಿ ಡಯಲ್ ಮೇಲೆ ತಿಳಿಬೂದು, ಕಡುಬೂದು, ನೀಲಿ ಬಣ್ಣದ ಮೂರು ಸಣ್ಣ ವೃತ್ತಗಳು ಒಂದರ ಮೇಲೊಂದು ಹತ್ತಿಕೊಂಡಂತಿರುತ್ತವೆ. ಕೊಳ್ಳುವವರು ಮೊದಲು ನೋಡುವುದು ಹೊಳಪನ್ನಲ್ಲ. ಡಯಲ್‌ಗೆ ಮತ್ತೆ ಬಣ್ಣ ಹೊಡೆದಿದ್ದಾರಾ, ಕೇಸನ್ನು ಪಾಲಿಶ್ ಮಾಡಿ ಅಂಚು ಸವೆಸಿದ್ದಾರಾ, ಮುಳ್ಳು ಬದಲಾಗಿದೆಯಾ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ಬಣ್ಣ ಮಾಸಿದ್ದರೂ ಮೂಲದ್ದೇ ಆದ ಡಯಲ್ ಇದ್ದರೆ ಬೆಲೆ ಅದಕ್ಕೇ ಜಾಸ್ತಿ.